ಪಕ್ಕದ ಮನೆಯ ಪ್ರಾರ್ಥನೆಯ ಸರದಿ

ತಿರುಪ್ಪೂರಿನ ಹೊರಗೆ ನಮ್ಮದೂ ಪಕ್ಕದವರದೂ ಒಂದೇ ಕಾಂಪೌಂಡಿನ ಎರಡು ಮನೆ. ನಾವು ಮನೆಮಾತು ಕನ್ನಡದ, ಹಟ್ಟಿಯ ದೇವರ ಹಬ್ಬ ಮಾಡುವವರು, ಅವರು ಚರ್ಚಿಗೆ ಹೋಗುವವರು. ನೀರಿನ ತೊಟ್ಟಿ, ಒಗೆಯುವ ಕಲ್ಲು, ಕರಿಬೇವಿನ ಗಿಡ ಇಬ್ಬರಿಗೂ ಸೇರಿದ್ದು. ಅವರ ಚರ್ಚಿನ ಹೆಂಗಸರು ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸರದಿಯ ಮೇಲೆ ಪ್ರಾರ್ಥನೆಗೆ ಸೇರುತ್ತಾರೆ. ಸರದಿ ಪಕ್ಕದ ಮನೆಗೆ ಬಂದರೆ ನಮ್ಮ ಚಾಪೆಗಳೂ ಲೋಟಗಳೂ ಆ ಕಡೆ ಹೋಗುತ್ತಿದ್ದವು. ಅವರ ಕುಕ್ಕರು ಚಿಕ್ಕದಾದ್ದರಿಂದ ಕೊನೆಗೆ ಹಂಚುವ ಸುಂಡಲಿಗೆ, ಅಂದರೆ ಉಸಲಿಗೆ, ಕಡಲೆ ಬೇಯುವುದು ನಮ್ಮಲ್ಲೇ. ಹಿಂದಿನ ರಾತ್ರಿಯೇ ನೆನೆಹಾಕುವುದು ನನ್ನ ಅತ್ತೆಯ ಕೆಲಸ. ಅದನ್ನು ಅವರು ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಪಕ್ಕದವಳು ನನಗಿಂತ ಸ್ವಲ್ಪ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಅವಳ ಮಾತು ತಮಿಳು. ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಗಂಡ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಪಟ್ಟರೆಯಲ್ಲಿ ಶಿಫ್ಟಿನ ಕೆಲಸದವನು. ಒಬ್ಬಳೇ ಮಗಳು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಮಾಡುತ್ತಾಳೆ. ನಮ್ಮ ಮನೆಯಲ್ಲೇ ಆಡಿ ಬೆಳೆದವಳಾದ್ದರಿಂದ ಅತ್ತೆಯನ್ನು ನಮ್ಮ ಮಕ್ಕಳ ಹಾಗೆಯೇ ಅವ್ವಾ ಎಂದು ಕರೆಯುತ್ತಾಳೆ, ನಮ್ಮ ಕನ್ನಡವನ್ನೂ ಆಡುತ್ತಾಳೆ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವುದೆಂದರೆ ಅವಳಿಗೆ ವಾರವೆಲ್ಲ ಅದೇ ಹುರುಪು.

ಒಂದು ಭಾನುವಾರ ಅವಳು ಆರಾಧನೆ ಶುರುವಾಗುವ ಮೊದಲೇ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಸಂಜೆ ತಾಯಿಗೆ ಹೇಳಿದಳು. ಹಾಡಿನ ಪುಸ್ತಕ ತೆಗೆಯಲು ಆಫೀಸು ಕೋಣೆಗೆ ಹೋದಾಗಲೆಲ್ಲ ಪಾಸ್ಟರ್ ಹಿಂದೆಯೇ ಬರುತ್ತಿದ್ದರು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತೇನೆ ಎನ್ನುತ್ತಿದ್ದರು. ಕೈ ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಬೇಡ ಎಂದಿದ್ದಕ್ಕೆ, ನಿನ್ನ ಮಾತು ಯಾರು ನಂಬುತ್ತಾರೆ ಎಂದಿದ್ದರು. ನನ್ನ ಅತ್ತೆಯ ಮಂಡಿನೋವಿಗೆಂದು ಒಮ್ಮೆ ನಮ್ಮ ಜಗಲಿಯಲ್ಲೇ ಕೂತು ಪ್ರಾರ್ಥನೆ ಮಾಡಿ ಹೋದ ಮನುಷ್ಯ ಅವರು.

ತಾಯಿ ಪೊಲೀಸರ ಹತ್ತಿರ ಹೋಗಲಿಲ್ಲ. ಮದುವೆ, ಸಾವು, ಅಜ್ಜಿಯ ಸಮಾಧಿ ಎಲ್ಲ ಆ ಚರ್ಚಿನದೇ ಆದ ಮೇಲೆ ಚರ್ಚಿನ ಹಿರಿಯರಿಗೇ ಮೊದಲು ಹೇಳಬೇಕು ಎಂದುಕೊಂಡಳು. ಮೂವರು ಹಿರಿಯರು ಬಂದರು. ಕೆಟ್ಟವರಲ್ಲ, ಚಪ್ಪಲಿ ಹೊರಗೆ ಬಿಟ್ಟು, ಮೆತ್ತಗೆ ಮಾತಾಡಿ, ಟೀ ಕುಡಿದು, ಕಣ್ಣು ಮುಚ್ಚಿ ಪ್ರಾರ್ಥಿಸಿ ಹೋದರು. ಮರುದಿನ ಒಗೆಯುವ ಕಲ್ಲಿನ ಹತ್ತಿರ ಅವಳು ನನಗೆ ಹೇಳಿದಳು:

"ಪಾಸ್ಟರ್ ಹೆಂಡತಿ ಮಕ್ಕಳಿಗಾಗಿ ಕೇಳಿಕೊಂಡರು ಅಕ್ಕಾ. ಸಭೆಯ ಹೆಸರಿಗಾಗಿ ಕೇಳಿಕೊಂಡರು. ನಮ್ಮ ಮನೆ ಹಸುವಿಗೂ ಒಂದು ಮಾತು ಸೇರಿಸಿದರು. ನನ್ನ ಮಗಳ ಹೆಸರು ಬರುತ್ತೆ, ಬರುತ್ತೆ ಅಂತ ಕಾದೆ. ಆಮೆನ್ ಅಂದುಬಿಟ್ಟರು."

ಹಿರಿಯರು ಹೇಳಿಹೋಗಿದ್ದು ಇಷ್ಟು. ಬರುವ ಭಾನುವಾರ ಆರಾಧನೆಯ ನಂತರ ಹುಡುಗಿ ಕಮಿಟಿಯ ಮುಂದೆ ಎಲ್ಲವನ್ನೂ ಹೇಳಬೇಕು. ಪಾಸ್ಟರೂ ಅಲ್ಲಿರುತ್ತಾರೆ. ಅಲ್ಲಿಯವರೆಗೆ ಹೊರಗೆ ಮಾತು ಹೋಗಬಾರದು. ಕಮಿಟಿಯಲ್ಲಿ ಎಲ್ಲರೂ ಗಂಡಸರು. ಪಕ್ಕದಲ್ಲಿ ಒಬ್ಬ ಹೆಂಗಸು ಕೂತರೆ ಹೇಳುತ್ತೇನೆ ಎಂದಳು ಹುಡುಗಿ. ತಾಯಿ ಕೂರುವ ಹಾಗಿಲ್ಲವಂತೆ. ಸಭೆಯ ಬೇರೆ ಯಾವ ಹೆಂಗಸನ್ನಾದರೂ ಕರೆತರಬಹುದಂತೆ. ನಾನು ಬರುತ್ತೇನೆ ಎಂದೆ. ಪಕ್ಕದವಳು ನೆನೆದ ಬಟ್ಟೆ ಹಿಂಡುತ್ತ, "ನೀವು ಹೊರಗಿನವರಂತೆ ಅಕ್ಕಾ, ಕೇಳಿದೆ" ಎಂದಳು.

ಆ ಶುಕ್ರವಾರ ಅವರ ಮನೆಯ ಸರದಿ. ಬಂದವರಲ್ಲಿ ಒಬ್ಬರನ್ನಾದರೂ ಕೇಳಿಕೊಳ್ಳುತ್ತೇನೆ ಎಂದು ಅವಳು ಬೆಳಗಿನಿಂದ ಮನೆ ಒರೆಸಿದಳು. ನಮ್ಮ ಚಾಪೆಗಳು ಹೋದವು, ಕಡಲೆ ಬೆಂದಿತು, ಮಾವಿನಕಾಯಿಯನ್ನು ನಾನೇ ಸಣ್ಣಗೆ ಹೆಚ್ಚಿಕೊಟ್ಟೆ. ಹೊತ್ತಾಯಿತು. ಯಾರೂ ಬರಲಿಲ್ಲ. ಹಿರಿಯರೊಬ್ಬರ ಹೆಂಡತಿ ಬೀದಿಯ ಆಚೆ ಬದಿಯಲ್ಲಿ ಸೆರಗು ಎಳೆದುಕೊಂಡು ನಡೆದುಹೋದದ್ದನ್ನು ನಾವೆಲ್ಲ ನೋಡಿದೆವು.

ಜಗಲಿಯಲ್ಲಿದ್ದ ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. "ನಡಿ. ಕಡಲೆ ಆರೋಯ್ತದೆ."

"ಅತ್ತೆ, ಅದು ಅವರ ಪ್ರಾರ್ಥನೆ."

"ಇರ್ಲಿ. ನಮಗೇನು ಹಾಡು ಅಂದ್ರಾ? ಕೂರಕ್ಕೂ ಪರೀಕ್ಷೆ ಪಾಸ್ ಮಾಡ್ಬೇಕಾ?"

"ಕೆಳಗೆ ಕೂತರೆ ನೀವು ಏಳೋದು ಹೇಗೆ?"

"ಎತ್ತಕ್ಕೆ ತಾನೆ ನಿನ್ನನ್ನ ನಿನ್ನ ಮಗನಿಗೆ ಕಟ್ಟಿ ತಂದದ್ದು" ಎಂದವರು, "ನನ್ನ ಮಗನಿಗೆ" ಎಂದು ತಾವೇ ತಿದ್ದಿಕೊಂಡು ಮುಂದೆ ನಡೆದರು.

ಅಷ್ಟು ಚಾಪೆಯ ಮೇಲೆ ನಾವು ಇಬ್ಬರು. ಪಕ್ಕದವಳು ಬೈಬಲ್ ತೆರೆದು ನಾಲ್ಕು ಸಾಲು ಓದಿ ನಿಲ್ಲಿಸಿದಳು. ಒಳಗಿನ ಕೋಣೆಯಿಂದ ಹುಡುಗಿ ಬಂದು ಬಾಗಿಲ ಹತ್ತಿರ ನಿಂತಳು. ಅತ್ತೆ ಪಕ್ಕದ ಚಾಪೆಯನ್ನು ತಟ್ಟಿದರು.

"ಬಾ ಅಮ್ಮಿಣಿ. ಎಲ್ಲಾರೂ ಏನೇನೋ ಹೇಳವ್ರೆ. ನಿಂಗೆ ಏನಾಗ್ಬೇಕು? ಅದು ಹೇಳು."

ಹುಡುಗಿ ಕೂತಳು. ಅತ್ತೆಯ ಬಳೆಯನ್ನು ತಿರುಗಿಸುತ್ತ ಹೇಳಿದಳು.

"ಪಿಳ್ಳೆಗಳಿಗೆ ಹಾಡು ಹೇಳ್ಕೊಡಕ್ಕೆ ಬೇರೆ ಪೊಣ್ಣನ್ನ ಹಾಕವ್ರೆ ಅವ್ವಾ. ಪ್ಲಸ್ ಟೂ ಓದ್ತಾಳೆ. ಆಫೀಸು ಕೋಣೆ ಬೀಗದ ಕೈ ಈಗ ಅವಳ ಹತ್ರ ಅದೆ. ನಂಗೆ ಪಾಸ್ಟರ್ ಅಯ್ಯಾ ಮನ್ನಿಪ್ಪು, ಕ್ಷಮೆ ಕೇಳೋದು ಗೀಳೋದು ಒಂದೂ ಬ್ಯಾಡ. ಅವಳು ಆ ಕೋಣೆಗೆ ಹೋಗ್ಬಾರ್ದು. ಭಾನುವಾರ ಬೆಳಿಗ್ಗೆ ಹೋಯ್ತಾಳೆ. ಕಮಿಟಿ ಕೂರೋದು ಅದಾದ ಮೇಲೆ."

ತಾಯಿ ಮಗಳನ್ನೇ ನೋಡಿದಳು. ಇಷ್ಟು ದಿನ ಅವಳ ಚಿಂತೆಯೆಲ್ಲ ಕಮಿಟಿಯವರು ಮಗಳನ್ನು ನಂಬುತ್ತಾರೋ ಇಲ್ಲವೋ ಎಂಬುದೇ ಆಗಿತ್ತು. ಬೈಬಲ್ ಮುಚ್ಚಿ ಕಪಾಟಿನಲ್ಲಿಟ್ಟು ಬಂದಳು. "ಅಕ್ಕಾ, ಆ ಪೊಣ್ಣಿನ ಮನೆ ಬಸ್‌ಸ್ಟಾಪಿನ ಹಿಂದೆ. ಈಗಲೇ ಹೋಗೋಣವಾ?"

ಬರಿಗೈಯಲ್ಲಿ ಹೋಗಬಾರದೆಂದು ಡಬ್ಬಿಗೆ ಸುಂಡಲ್ ತುಂಬಿದೆವು. ಆ ಮನೆಯ ತಾಯಿ ನಮ್ಮನ್ನು ಒಳಗೆ ಕರೆಯಲಿಲ್ಲ. ಅವಳೂ ಆ ಗುಂಪಿನವಳೇ, ಆ ಸಂಜೆ ಬರಬೇಕಾಗಿದ್ದವಳೇ. ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಪಕ್ಕದವಳು ಹೆಚ್ಚು ಹೇಳಲಿಲ್ಲ. ಮಗಳು ತನಗೆ ಹೇಳಿದ್ದನ್ನು ಹೇಳಿ, "ನಿನ್ನ ಮಗಳನ್ನು ನೀನೇ ಕೇಳು" ಎಂದಳು. ಬಾಗಿಲು ಮುಚ್ಚಿತು. ನಾವು ತಿರುವಿನವರೆಗೆ ಬಂದಿದ್ದಾಗ ಆ ಹೆಂಗಸು ಹಿಂದಿನಿಂದ ಬೇಗಬೇಗ ಬಂದಳು. ಕೈಯಲ್ಲಿ ಬೀಗದ ಕೈ ಇತ್ತು. "ನಮ್ಮ ಹುಡುಗಿಗೆ ಇನ್ನೂ ಏನೂ ಆಗಿಲ್ಲ" ಎಂದಳು, "ಹೊಸ ಹಾಡಿಗೆ ಸ್ವಲ್ಪ ಮುಂಚೆ ಬಾ ಅಂದಿದಾರಂತೆ." ಅಷ್ಟು ಹೇಳಿ ಬೀದಿಯಲ್ಲೇ ಪಕ್ಕದವಳ ತೋಳು ಹಿಡಿದುಕೊಂಡು ಅತ್ತಳು.

ಕಮಿಟಿಗೆ ಕಾಯಲಿಲ್ಲ. ಶನಿವಾರ ಬೆಳಿಗ್ಗೆ ಮಹಿಳಾ ಪೊಲೀಸ್ ಠಾಣೆಯ ಬೆಂಚಿನಲ್ಲಿ ಹುಡುಗಿಯ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಆ ಹೆಂಗಸು, ಎದುರಿಗೆ ತಾಯಿ. ತಂದೆ ರಾತ್ರಿ ಶಿಫ್ಟು ಮುಗಿಸಿ ನೇರವಾಗಿ ಬಂದು, ಬಣ್ಣ ಹತ್ತಿದ ಕೈಯಲ್ಲಿ ಎಲ್ಲರಿಗೂ ಟೀ ತಂದುಕೊಟ್ಟು ಹೊರಗೆ ನಿಂತ. ಹುಡುಗಿ ನಿಧಾನವಾಗಿ, ಬಿಟ್ಟು ಬಿಟ್ಟು, ಎಲ್ಲವನ್ನೂ ಹೇಳಿದಳು.

ಕೇಸು ಇನ್ನೂ ನಡೆಯುತ್ತಿದೆ. ಪಾಸ್ಟರನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಹೊರಗೆ ಹೋಗಿ ಮಾನ ಕಳೆದಿರಿ ಎಂದು ಹಿರಿಯರಲ್ಲಿ ಇಬ್ಬರು ಇವತ್ತಿಗೂ ಪಕ್ಕದವಳ ಹತ್ತಿರ ಮಾತಾಡುವುದಿಲ್ಲ. ಮೂರನೆಯವರು ಒಂದು ಸಂಜೆ ಒಬ್ಬರೇ ಬಂದು, ಟೀ ಬೇಡವೆಂದು, ತಲೆ ತಗ್ಗಿಸಿ ಕೂತು ಹೋದರು. ಮಗಳು ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ಹೋಗು ಎಂದು ಯಾರೂ ಹೇಳುವುದಿಲ್ಲ. ತಾಯಿ ಮಾತ್ರ ಅದೇ ಚರ್ಚಿಗೆ, ಮೊದಲಿಗಿಂತ ಬೇಗ, ಹೊರಡುತ್ತಾಳೆ.

"ಅಷ್ಟೆಲ್ಲ ಆದ ಮೇಲೂ ಅಲ್ಲಿಗೇನಾ?" ಎಂದು ಒಮ್ಮೆ ಕೇಳಿಬಿಟ್ಟೆ.

"ದೇವರೇನು ಮಾಡಿದ ಅಕ್ಕಾ" ಎಂದಳು ಕೊಡ ತುಂಬಿಸುತ್ತ. "ಹಾಡಿನ ಕ್ಲಾಸನ್ನು ಈಗ ಹೊರಗೆ ಬೇವಿನ ಮರದ ಕೆಳಗೆ ಮಾಡ್ತಾರೆ. ನಾನೂ ಆ ಪೊಣ್ಣಿನ ಅಮ್ಮನೂ ಮುಗಿಯೋವರೆಗೆ ಅಲ್ಲೇ ಕೂತಿರ್ತೀವಿ. ನಮಗೆ ಹಾಡು ಬರಲ್ಲ, ಸುಮ್ಮನೆ ಕೂತಿರ್ತೀವಿ."

ಬಿಸಿಲು ಏರುವ ಹೊತ್ತಿಗೆ ಅವಳು ಮನೆಗೆ ಬರುತ್ತಾಳೆ. ಅಷ್ಟರಲ್ಲಿ ಮಗಳು ಅಕ್ಕಿ ತೊಳೆದಿಟ್ಟಿರುತ್ತಾಳೆ. ಯಾವ ಪಿಳ್ಳೆ ಬಂದಿತ್ತು, ಯಾವುದು ಬರಲಿಲ್ಲ ಎಂದು ಅವಳು ತಾಯಿಯನ್ನು ಒಂದೊಂದಾಗಿ ವಿಚಾರಿಸಿಕೊಳ್ಳುವುದು ನಮ್ಮ ಅಡುಗೆಮನೆಯವರೆಗೂ ಕೇಳಿಸುತ್ತದೆ.