ವಾರಿಜಕ್ಕನಿಗೆ ಕೇಳಿಸದ ಶಿಳ್ಳೆ

ವಾರಿಜಕ್ಕ ಯಾವ ಯಂತ್ರದ ಪಕ್ಕ ನಿಂತರೂ ಅವರ ಬಲಗೈಯ ಮೂರು ಬೆರಳು ತಾವಾಗಿಯೇ ಅದರ ಮೇಲೆ ಹೋಗಿ ಕೂರುತ್ತಿದ್ದವು. ನನ್ನ ಫ್ರಿಜ್ಜು, ಚಹಾ ಅಂಗಡಿಯ ಮಿಕ್ಸಿ, ನಿಂತ ಆಟೋದ ಸೀಟಿನ ಸರಳು, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಕೊಚ್ಚಿಯಲ್ಲಿ ಮಟ್ಟಾಂಚೇರಿಗೆ ಹೋಗುವ ಬೋಟಿನಲ್ಲಿ ಕಂಬಿಗೆ ಬೆರಳಿಟ್ಟು ಕಣ್ಣು ಮುಚ್ಚಿ ಎಷ್ಟು ಹೊತ್ತು ನಿಂತಿದ್ದರೆಂದರೆ, ಬೋಟಿನ ಕೆಲಸದಾತ ಹತ್ತಿರ ಬಂದು, "ಚೇಚಿಗೆ ತಲೆ ಸುತ್ತುತ್ತಿದೆಯಾ?" ಎಂದು ಮಲಯಾಳದಲ್ಲಿ ನನ್ನನ್ನು ಕೇಳಿದ. ವಾರಿಜಕ್ಕ ಕಣ್ಣು ತೆರೆಯಲಿಲ್ಲ.

"ಇದರ ಇಂಜಿನಿಗೆ ಒಳ್ಳೆ ಆರೋಗ್ಯ ಉಂಟು ಮಾರಾಯ್ತಿ," ಎಂದರು ನನಗೆ. "ಮಗು ಮಲಗಿದ ಹಾಗೆ ಉಸಿರಾಡ್ತಾ ಉಂಟು."

ಹಿನ್ನೀರಿನ ಮೇಲೆ ಬಿಸಿಲು ಮಂಜಿನಂತೆ ಹರಡಿತ್ತು. ಆ ಮಾತು ಕೇಳಿದ ಮೇಲೆ ನನಗೂ ಕಾಲಡಿಯ ಹಲಗೆಯಿಂದ ಆ ಉಸಿರು ಮೆಲ್ಲಗೆ ಮೈಗೇರಿ ಬಂದಂತಾಯಿತು. ದಡ ಬಂದದ್ದೇ ತಿಳಿಯಲಿಲ್ಲ.

ಅವರು ಕುಂಬಳೆ ಕಡೆಯವರು. ಕಾರ್ಖಾನೆಗಳ ಪಂಪು, ಫ್ಯಾನುಗಳ ಅದುರುವಿಕೆ ಪರೀಕ್ಷಿಸಿ ಯಾವುದು ಕೆಡಲಿದೆ ಎಂದು ಮೊದಲೇ ಹೇಳುವ ಒಂದು ಸಣ್ಣ ಕಂಪನಿಯಲ್ಲಿ ಇಪ್ಪತ್ತೈದು ವರ್ಷದಿಂದ ದುಡಿಯುತ್ತಿದ್ದರು. ನಾನು ತುಮಕೂರಿನಿಂದ ಕೊಚ್ಚಿಯ ಐಟಿ ಪಾರ್ಕಿಗೆ ಕೆಲಸಕ್ಕೆ ಬಂದು ಅಂಬಲಮುಗಳ್‌ನಲ್ಲಿ ಬಾಡಿಗೆಗಿದ್ದೆ. ಕೆಳಗಿನ ಮನೆಯಲ್ಲಿ ಅವರೊಬ್ಬರೇ. ಒಂದು ದಿನ ನಾನು ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುವುದು ಕೇಳಿ ಮೆಟ್ಟಿಲ ಬುಡದಿಂದ, "ಕನ್ನಡದ ಹುಡುಗಿಯಾ? ಹಾಗಾದ್ರೆ ನಾಳೆ ಊಟಕ್ಕೆ ಬಾ," ಎಂದು ಕರೆದರು. ಅಲ್ಲಿಂದ ಶುರುವಾಯಿತು.

ರಜೆಯ ದಿನಗಳಲ್ಲಿ ನಾನೊಂದು ಸಾಫ್ಟ್‌ವೇರ್ ಸಿಂಥಸೈಜರ್ ಬರೆಯುತ್ತಿದ್ದೆ. ಕಂಪ್ಯೂಟರಿನೊಳಗೇ ಹುಟ್ಟಿ, ಅಲ್ಲೇ ನುಡಿಯುವ ವಾದ್ಯ. ಅದಕ್ಕೆ ಎರಡು ರೋಗವಿತ್ತು. ಕೀಲಿಯಿಂದ ಬೆರಳೆತ್ತಿದರೆ ಪ್ರತಿ ಸ್ವರವೂ 'ಟಪ್' ಎಂದು ಸಾಯುತ್ತಿತ್ತು. ಮೇಲಿನ ಸ್ವರಗಳಿಗೆ ಹೋದರೆ ಇದ್ದಕ್ಕಿದ್ದಂತೆ ಶಿಳ್ಳೆ ಹಾಕಿ ಕಿರುಚುತ್ತಿತ್ತು. ತಿಂಗಳುಗಟ್ಟಲೆ ತಿದ್ದಿದರೂ ಎರಡೂ ಹೋಗಿರಲಿಲ್ಲ.

ಒಂದು ಭಾನುವಾರ ವಾರಿಜಕ್ಕ ಬಾಳೆಹಣ್ಣಿನ ಬನ್ಸ್ ಹಿಡಿದು ಮೇಲೆ ಬಂದರು.

"ಎಂತದು ಇದು, ಬೆಳಗ್ಗಿಂದ ಟಪ್ ಟಪ್?"

ಹೇಳಿದೆ. ಅವರು ಸ್ಪೀಕರಿನ ಮೇಲೆ ಬೆರಳಿಟ್ಟು ನನ್ನಿಂದ ನಾಲ್ಕೈದು ಸಲ ನುಡಿಸಿ ನೋಡಿದರು. "ಓಡುವ ನೀರಿನ ಎದುರಿಗೆ ವಾಲ್ವನ್ನು ಒಮ್ಮೆಲೇ ಮುಚ್ಚಿದ್ರೆ ಪೈಪಿಗೆ ಬಡೀತದೆ, ಗೊತ್ತುಂಟಾ? ನೀನು ಅದನ್ನೇ ಮಾಡಿದ್ದು. ಮೆಲ್ಲ ಮುಚ್ಚು."

ಸದ್ದು ಹೇಗೆ ಏರಬೇಕು, ಹೇಗೆ ಇಳಿಯಬೇಕು ಎಂದು ನಿರ್ಧರಿಸುವ ಭಾಗಕ್ಕೆ ಎನ್ವಲಪ್ ಎನ್ನುತ್ತಾರೆ. ತೆರೆದು ನೋಡಿದರೆ ಕೊನೆಯ ಇಳಿತದ ಸಮಯ ಸೊನ್ನೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಕೊಟ್ಟೆ, ಅಷ್ಟೇ. ಸ್ವರ ಕಿಟಕಿಯಾಚೆ ನಡೆದುಹೋದಂತೆ ಮರೆಯಾಯಿತು. ನಾನು ಕುರ್ಚಿಯಿಂದ ಜಿಗಿದೆ.

"ಈಗ ಆ ಶಿಳ್ಳೆ ನೋಡುವ," ಎಂದರು.

ಶಿಳ್ಳೆಯ ಮೂಲ ಸದ್ದನ್ನು ಸೋಸುವ ಫಿಲ್ಟರ್ ಎಂದು ನನಗೆ ಗೊತ್ತಿತ್ತು. ಸದ್ದಿನ ಒಂದು ಎಳೆಯನ್ನು ಹಿಡಿದು ಎತ್ತಿ ತೋರಿಸುವ ರೆಸೊನೆನ್ಸ್ ಅದರಲ್ಲಿ ಹೆಚ್ಚಾಗಿ, ಆ ಎಳೆ ತಾನೇ ಕೂಗತೊಡಗುತ್ತದೆ. ಎಲ್ಲಿ, ಯಾಕೆ ಎಂದು ಮಾತ್ರ ಹಿಡಿಯಲಾಗಿರಲಿಲ್ಲ. ಒಂದೊಂದೇ ಸ್ವರ ಏರಿಸುತ್ತ ಹೋದೆ. ಕಿರುಚಿತು. ಕಿಟಕಿಯ ಮೇಲಿದ್ದ ಕಾಗೆ ಹಾರಿಹೋಯಿತು. ನಾನು ಒಂದು ಕೈಯಿಂದ ಕಿವಿ ಮುಚ್ಚಿಕೊಂಡೆ.

ವಾರಿಜಕ್ಕ ಸ್ಪೀಕರಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. "ಹ್ಞಾಂ, ನುಡಿಸು. ಎಲ್ಲಿ ಕಿರುಚುದು?"

"ಕಿರುಚ್ತಾ ಇದೆಯಲ್ಲಾ ಅಕ್ಕಾ. ಈಗಲೇ."

ಅವರು ನನ್ನ ಕಿವಿಯ ಮೇಲಿದ್ದ ಕೈಯನ್ನು ನೋಡಿದರು. ಬೆರಳನ್ನು ನಿಧಾನಕ್ಕೆ ಹಿಂದೆ ತೆಗೆದುಕೊಂಡರು. "ನಿಲ್ಲಿಸು ಹಾಗಾದ್ರೆ. ನಿನ್ನ ಕಿವಿ ಹಾಳು ಮಾಡ್ಕೊಬೇಡ," ಎಂದು ಹೇಳಿ ಕೆಳಗಿಳಿದು ಹೋದರು. ಆ ವಾರವಿಡೀ ಅವರ ಬಾಗಿಲು ಮುಚ್ಚಿತ್ತು.

ಮುಂದಿನ ಭಾನುವಾರ ಅವರಾಗಿಯೇ ಬಂದರು. "ಆ ಶಿಳ್ಳೆಯನ್ನು ಕೆಳಗಿಂದ ಮೇಲೆ ಮೆಲ್ಲ ತಕೊಂಡು ಹೋಗ್ಲಿಕ್ಕೆ ಆಗ್ತದಾ?"

ಆಗುತ್ತಿತ್ತು. ರೆಸೊನೆನ್ಸನ್ನು ಪೂರ್ತಿ ಏರಿಸಿದರೆ ಫಿಲ್ಟರ್ ಯಾವ ಸ್ವರದ ಹಂಗೂ ಇಲ್ಲದೆ ತಾನೊಂದೇ ಹಾಡುತ್ತದೆ. ಸದ್ದು ತಗ್ಗಿಸಿ ಆ ಹಾಡನ್ನು ಮೇಲಕ್ಕೆ ಒಯ್ದೆ. ಮಧ್ಯಾಹ್ನದ ಕೋಣೆಯಲ್ಲಿ ಬೆಳ್ಳಿಯ ದಾರದಂತಹ ಒಂದೇ ಸದ್ದು. ವಾರಿಜಕ್ಕ ಕಣ್ಣು ಮುಚ್ಚಿ ಕೈಯೆತ್ತಿ ಕೂತಿದ್ದರು. ಒಂದು ಕಡೆ ಕೈ ಕೆಳಗಿಳಿಯಿತು. ನನಗೆ ಆ ದಾರ ಇನ್ನೂ ಮೇಲೆ, ಇನ್ನೂ ಬಹಳ ಮೇಲೆ ಹೋಗುವುದು ಕೇಳುತ್ತಿತ್ತು. ಮೂರು ಸಲ ಮಾಡಿದೆವು. ಮೂರು ಸಲವೂ ಕೈ ಅಲ್ಲೇ ಇಳಿಯಿತು.

"ಎರಡು ವರ್ಷದಿಂದ ಪಂಪುಗಳೆಲ್ಲ ಭಾರೀ ಶಾಂತ ಆಗಿದ್ವು," ಎಂದರು. "ನಾನು ಚೆನ್ನಾಗಿ ನೋಡಿಕೊಳ್ತೇನಲ್ಲ, ಅದಕ್ಕೇ ಅಂತ ಅಂದ್ಕೊಂಡಿದ್ದೆ."

ಬೇರಿಂಗ್ ಸವೆಯತೊಡಗಿದಾಗ ಮೊದಲು ಹೊರಡುವ ಸಣ್ಣ ಕೊರಗು ಅವರಿಗೆ ಕೇಳಿಸದ ಆ ಎತ್ತರದ ಸ್ವರದಲ್ಲೇ ಇರುತ್ತದಂತೆ. ಮೀಟರು ಹಿಡಿಯಲಾಗದ ಇಕ್ಕಟ್ಟಿನ ಕಡೆಗಳಲ್ಲಿ ಕಬ್ಬಿಣದ ಸಲಾಕೆಯನ್ನು ಕಿವಿಗೆ ಹಚ್ಚಿ ಅವರೇ ಕೇಳಿ ಸಹಿ ಹಾಕುತ್ತಿದ್ದರು.

"ಯಾರಿಗೂ ಹೇಳ್ಬೇಡಿ ಅಕ್ಕಾ," ಎಂದೆ. "ನಿವೃತ್ತಿಗೆ ಇನ್ನೆಷ್ಟು ದಿನ ಇದೆ? ಹೇಗೋ ಕಳೆದುಹೋಗುತ್ತೆ."

"ನನ್ನ ಸಹಿ ನಂಬಿ ಆ ಪಂಪಿನ ಹತ್ತಿರ ಜನ ನಿಲ್ತಾರೆ ಮಾರಾಯ್ತಿ."

ಸೋಮವಾರ ತಮ್ಮ ಮ್ಯಾನೇಜರಿಗೆ ತಾವೇ ಬರೆದುಕೊಟ್ಟರು. ತಾವು ಕಿವಿಯಿಂದ ಪಾಸು ಮಾಡಿದ್ದ ಯಂತ್ರಗಳ ಪಟ್ಟಿ ಮಾಡಿ, ಎಲ್ಲವನ್ನೂ ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿದರು. ಎರಡರ ಬೇರಿಂಗ್ ಬದಲಿಸಬೇಕಾಯಿತು. ಅದು ಗೊತ್ತಾದ ಸಂಜೆ ಅವರು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅತ್ತರು. ನಾನು ಪಕ್ಕದಲ್ಲಿ ಕೂತಿದ್ದೆ. ತಿಂಗಳೊಳಗೆ ಕಂಪನಿ ಅವರನ್ನು ಹೊಸಬರಿಗೆ ಕೆಲಸ ಕಲಿಸಲೆಂದು ತಿರುವನಂತಪುರಕ್ಕೆ ಕಳಿಸಿತು. ಸ್ವರ ಏರಿದಂತೆ ರೆಸೊನೆನ್ಸ್ ತಾನೇ ತಗ್ಗುವಂತೆ ಮಾಡಿ ನಾನು ಆ ಶಿಳ್ಳೆಯನ್ನು ಕೊನೆಗೂ ಅಡಗಿಸಿದ್ದು ಅವರು ಹೋದ ಮೇಲೆ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು, ಎಂಟೇ ದಿನದಲ್ಲಿ ವಾರಿಜಕ್ಕ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು, ಆಫೀಸಿನ ಕೆಲಸಕ್ಕೆ ತಿರುವನಂತಪುರಕ್ಕೆ ಹೋಗಿದ್ದ ನನ್ನನ್ನು ನೋಡಲು ಅಲ್ಲಿನ ಬಸ್ ನಿಲ್ದಾಣವಿರುವ ತಂಪಾನೂರಿಗೆ ಬಂದಿದ್ದರು. ಕಿವಿಯಲ್ಲಿ ಹೊಸ ಶ್ರವಣಯಂತ್ರ. "ಪೇಪರ್ ಮಡಚಿದ್ರೆ ಇಷ್ಟು ಸದ್ದು ಬರ್ತದಾ ಮಾರಾಯ್ತಿ!" ಎಂದು ಚಹಾ ಅಂಗಡಿಯಲ್ಲಿ ಬಿಲ್ಲಿನ ಚೀಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ನಕ್ಕರು. ಬಸ್ ನಿಲ್ದಾಣಕ್ಕೆ ಬಂದಾಗ ಹಾರ್ನುಗಳ ಗದ್ದಲಕ್ಕೆ ತಡೆಯಲಾರದೆ ಅದನ್ನು ತೆಗೆದು ಪರ್ಸಿನಲ್ಲಿಟ್ಟುಕೊಂಡರು.

"ಅವತ್ತು ಯಾರಿಗೂ ಹೇಳ್ಬೇಡಿ ಅಂದಿದ್ದೆ ಅಕ್ಕಾ," ಎಂದೆ. "ನನ್ನದು ತಪ್ಪಾಯ್ತು."

ಅವರು ಬಸ್ಸುಗಳ ಬೋರ್ಡು ಓದುತ್ತಿದ್ದರು. ತಿರುಗಿ ನನ್ನ ಕೆನ್ನೆ ತಟ್ಟಿ, "ಹ್ಞಾಂ, ಹ್ಞಾಂ, ಕೊಚ್ಚಿ ಮುಟ್ಟಿದ ಕೂಡ್ಲೇ ಫೋನ್ ಮಾಡು," ಎಂದರು.

ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬಸ್ಸು ಬಂತು.