ಅಡುಗೆಮನೆಯ ಛತ್ತು

ತಾಂಡೂರಿನ ಆ ಮನೆಯ ಮಾಳಿಗೆಯ ಮೇಲೆ ತೊಗರಿ ಒಣಹಾಕಿದ್ದರು. ನಾನು ಮೆಟ್ಟಿಲ ತುದಿಯಲ್ಲೇ ಚಪ್ಪಲಿ ಬಿಟ್ಟು, ಕಾಳು ತುಳಿಯದ ಹಾಗೆ ಗೋಡೆ ಹಿಡಿದು ಅಂಚಿನಲ್ಲಿ ನಡೆದೆ. ನನಗೆ ಕೆಲಸ ಕಲಿಸುತ್ತಿದ್ದ ಕಾಕಾ ಮಾತ್ರ ಕೂಡಲೇ ಮೇಲೆ ಬರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ನಿಂತು ಮನೆಯ ಯಜಮಾನನನ್ನು ಕೇಳಿದರು.

"ತೊಗರಿ ರಾಶಿ ಯಾವಾಗ ಆತ್ರಿ?"

"ಹೋದ ತಿಂಗಳನ ಆತ್ರಿ."

"ಮತ್ತ ಇವತ್ತ ಎದಕ ಒಣಗಾಕ ಹಾಕೀರಿ?"

"ಹುಳ ಬಿದ್ದಿದ್ದುವ್ರಿ" ಎಂದ ಯಜಮಾನ. ಕಾಕಾ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹೊರಳಿಸಿ ನೋಡಿದರು. ಹುಳವೂ ಇರಲಿಲ್ಲ, ತೂತೂ ಇರಲಿಲ್ಲ. "ಒಂದ್ ಕಸಬರಿಗಿ ಕೊಡ್ರಿ" ಎಂದರು. ಮೇಲೆ ಬಂದು ನಡುಮನೆಯ ಮೇಲಿನ ಭಾಗದಲ್ಲಿ ಅವರು ತೊಗರಿ ಸರಿಸಿದಾಗ ಮಾಳಿಗೆಗೆ ಹಾಸಿದ ಎರಡು ಕಲ್ಲುಚಪ್ಪಡಿಗಳ ನಡುವಿನ ಸಂದಿಗೆ ಗೋಡೆಯಿಂದ ಗೋಡೆಯ ತನಕ ಹೊಸ ಸಿಮೆಂಟು ಮೆತ್ತಿದ್ದು ಕಂಡಿತು. ಇನ್ನೂ ಹಸಿ ಆರಿರಲಿಲ್ಲ. ಮನೆ ಮಾರಲು ಹೊರಟಿದ್ದ ಯಜಮಾನ ಬೇರೆ ಕಡೆ ನೋಡುತ್ತ ನಿಂತ. ಆ ಮೊದಲ ದಿನವೇ ನಾನು ಕಲಿತದ್ದು, ಮಾಳಿಗೆಯ ಮೇಲೆ ಏನಿದೆ ಎಂದು ನೋಡುವ ಮುಂಚೆ ಅದು ಅಲ್ಲಿ ಯಾಕಿದೆ ಎಂದು ಕೇಳಬೇಕು.

ನಾನು ಡಿಪ್ಲೊಮಾ ಮುಗಿಸಿ ಜಹೀರಾಬಾದಿನ ಒಂದು ಸಣ್ಣ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಮನೆಯ ನಕ್ಷೆ ಬರೆಯುತ್ತಿದ್ದೆ. ಕಟ್ಟಿದ ಮನೆ ಕೊಳ್ಳುವವರಿಗೆ ಮನೆ ಪರೀಕ್ಷೆ ಮಾಡಿ ವರದಿ ಕೊಡುವುದೂ ಆ ಆಫೀಸಿನ ಕೆಲಸವೇ. ಅದನ್ನು ಮಾಡುತ್ತಿದ್ದವರು ಕೆಲಸ ಬಿಟ್ಟಾಗ ಸಾಹೇಬರು ನನ್ನನ್ನು ಕೇಳಿದರು. ಗೋಡೆ, ನೆಲ, ಕಿಟಕಿ ನನಗೆ ಗೊತ್ತಿದ್ದವು. ಛತ್ತು ಗೊತ್ತಿರಲಿಲ್ಲ. ನಮ್ಮ ಕಡೆ ಛತ್ತು ಅಂದರೆ ತಲೆಯ ಮೇಲಿನ ಚಾವಣಿ. ಅದನ್ನು ಕಲಿಸಲು ಸಾಹೇಬರು ಕಾಕಾನನ್ನು ಕರೆಸಿದರು. ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದ ಅವರು ಹರೆಯದಿಂದಲೂ ಗೌಂಡಿ ಕೆಲಸ, ಅಂದರೆ ಗಾರೆ ಕೆಲಸ, ಮಾಡಿದವರು. ಮೊಣಕಾಲು ನೋವಿನಿಂದ ಮನೆ ಕಟ್ಟುವುದನ್ನು ಬಿಟ್ಟಿದ್ದರು. ಊರೂರಿನ ಮನೆಗಳ ಒಳಗುಟ್ಟು ಅವರಿಗೆ ಗೊತ್ತಿತ್ತು.

ಹೋದಲ್ಲೆಲ್ಲ ಜನ ನಮ್ಮನ್ನು ಸಂಶಯದಿಂದಲೇ ನೋಡುತ್ತಿದ್ದರು. "ಹೆಣ್ಣುಮಗಳು ಛತ್ತಿನ ಮ್ಯಾಲ ಏರಿ ಏನ್ ನೋಡ್ತಾಳ್ರಿ?" ಎಂದು ನನ್ನೆದುರಿಗೇ ಕಾಕಾನನ್ನು ಕೇಳುತ್ತಿದ್ದರು. ಕಾಕಾ ನನ್ನ ಕಡೆ ತಿರುಗಿ, "ನಡಿ ತಂಗಿ, ಮೊದಲ ಕೆಳಗ ನೋಡು" ಎನ್ನುತ್ತಿದ್ದರು. ಕೆಳಗೆ ಅಂದರೆ ಕೋಣೆಯೊಳಗೆ ನಿಂತು ಕತ್ತೆತ್ತಿ ನೋಡುವುದು. ಒಂದೇ ಕೋಣೆಗೆ ಹೊಸ ಬಣ್ಣ ಹಚ್ಚಿದ್ದರೆ ಯಾಕೆ? ಫ್ಯಾನಿನ ಬುಡ ತುಕ್ಕು ಹಿಡಿದಿದ್ದರೆ ನೀರು ಎಲ್ಲಿಂದ ಬಂತು? ಅಲಮಾರಿಯ ನೆತ್ತಿಯ ಮೇಲೆ ಕೈಯಾಡಿಸು, ಸುಣ್ಣದ ಪುಡಿ ಹತ್ತುತ್ತದೆಯೋ ನೋಡು. ಆಮೇಲೆ ಸಣ್ಣ ಸುತ್ತಿಗೆ. ಗಟ್ಟಿ ಸ್ಲ್ಯಾಬ್ ಬಡಿದರೆ ಕೈಗೆ ಪೆಟ್ಟು ತಿರುಗಿ ಬರುತ್ತದೆ, ದನಿ ಟಣ್ ಎನ್ನುತ್ತದೆ. ಒಳಗೆ ಸಡಿಲಾಗಿದ್ದರೆ ಖಾಲಿ ಡಬ್ಬಿ ಬಡಿದ ಹಾಗೆ. "ಮಂದಿ ಸುಳ್ಳ ಹೇಳ್ತಾರ. ಕಣ್ಣೂ ಒಮ್ಮೊಮ್ಮೆ ಸುಳ್ಳ ಹೇಳ್ತಾವ. ಬಡಿದೇ ಬರಿಬೇಕು" ಎಂದು ಕಾಕಾ ಪ್ರತಿ ಮನೆಯಲ್ಲೂ ಹೇಳುತ್ತಿದ್ದರು.

ಮೂರು ತಿಂಗಳಲ್ಲಿ ನಾನು ಯಾರ ಮಾತನ್ನೂ ನಂಬದ ಹೆಂಗಸಾದೆ. ನೆಂಟರ ಮನೆಗೆ ಹೋದರೂ ಮೊದಲು ಕತ್ತೆತ್ತುತ್ತಿದ್ದೆ. "ಮಂದಿ ಮನಿಗಿ ಬಂದು ಮಾರಿ ನೋಡ್ದೆ ಮ್ಯಾಲ ನೋಡ್ತಿಯಲ್ಲ, ಏನ್ ಅನ್ಕೋತಾರ?" ಎಂದು ಅತ್ತೆ ಬೈದರು. ಜಹೀರಾಬಾದಿನಲ್ಲೇ ಒಂದು ಮನೆಯ ಅಡುಗೆಕೋಣೆಯ ಛತ್ತಿನಲ್ಲಿ ಹಳದಿ ಕಲೆ ಕಂಡು, ಅದು ಸೋರಿದ ಗುರುತೇ ಎಂದು ಹಟ ಹಿಡಿದೆ. ಯಜಮಾನಿ ನಕ್ಕು, "ಕುಕ್ಕರ್ ಸೀಟಿ ಹಾರಿತ್ರಿ, ಬ್ಯಾಳಿ ಸಿಡಿದದ" ಎಂದರು. ನಾನು ನಂಬಲಿಲ್ಲ. ಮೇಲೆ ಹತ್ತಿ ನೀರು ನಿಲ್ಲಿಸಿ ಮಧ್ಯಾಹ್ನದ ತನಕ ಕಾದೆ. ಒಂದು ಹನಿಯೂ ಇಳಿಯಲಿಲ್ಲ. ಸ್ಟೂಲ್ ಹತ್ತಿ ಉಗುರಿನಿಂದ ಕೆರೆದರೆ ಒಣಗಿದ ಬೇಳೆಯೇ ಉದುರಿತು. ಕಾಕಾ ಆ ದಿನ ಆಫೀಸಿನ ದಾರಿಯುದ್ದಕ್ಕೂ ನಗುತ್ತಿದ್ದರು.

ನಾರಾಯಣಖೇಡದ ಕೆಲಸ ಬಂದದ್ದು ಅದಾದ ಮುಂದಿನ ವಾರ. ಅಲ್ಲಿನ ದವಾಖಾನೆಯ ನರ್ಸ್ ಒಬ್ಬರು ಎರಡು ಕೋಣೆ, ಒಂದು ಅಡುಗೆಮನೆಯ ಸ್ಲ್ಯಾಬ್ ಮನೆ ಕೊಳ್ಳುವವರಿದ್ದರು. ಮಾರುವವರ ಮನೆಯಲ್ಲಿ ಒಬ್ಬ ಮುದುಕಿ, ಅವಳ ಮಗ, ಸೊಸೆ. ಮಗ ತನ್ನ ಅಂಗಡಿಯ ಹಿಂದೆಯೇ ಹೊಸ ಮನೆ ಕಟ್ಟಿಸಿದ್ದ.

ಆ ಬೆಳಿಗ್ಗೆ ಕಾಕಾ ಬೇರೆಯೇ ಮನುಷ್ಯನಂತಿದ್ದರು. ಬಸ್ಸಿನಲ್ಲಿ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕುಳಿತರು. ಮನೆಗೆ ಹೋದ ಮೇಲೆ ಎರಡು ಕೋಣೆಗಳ ಛತ್ತನ್ನು ನನ್ನಿಂದಲೇ ಬಡಿದು ನೋಡಿಸಿದರು. ಟಣ್ ಎಂಬ ದನಿ ಎಲ್ಲ ಕಡೆ. ಅಡುಗೆಮನೆಯ ಬಾಗಿಲಿಗೆ ಬಂದಾಗ, "ನೀ ಹೋಗಿ ಅಂಗಳದ ಅಳತಿ ತಗೋ. ಇದು ನಾ ನೋಡ್ತೀನಿ" ಎಂದರು. ನಾನು ಟೇಪ್ ಹಿಡಿದು ಅಂಗಳಕ್ಕೆ ಹೋದೆ. ಕಿವಿ ಮಾತ್ರ ಒಳಗೇ ಇತ್ತು. ಸುತ್ತಿಗೆಯ ಸಪ್ಪಳ ಒಂದೂ ಕೇಳಲಿಲ್ಲ. ವಾಪಸು ಬಂದಾಗ ಕಾಕಾ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಮುದುಕಿ ಅವರನ್ನು, "ಮನ್ಯಾಗ ಎಲ್ಲಾರು ಛಲೋ ಅದಾರೇನಪ್ಪ? ಮಗಳ ಲಗ್ನ ಆತೇನು?" ಎಂದು ಕೇಳುತ್ತಿದ್ದಳು. ಈ ಮನೆಯವರ ಗುರುತಿದೆ ಎಂದು ಕಾಕಾ ನನಗೆ ಹೇಳಿರಲಿಲ್ಲ.

ಬಸ್ಸಿನಲ್ಲಿ ಕಾಕಾ ವರದಿ ಬರೆಸಿದರು. "ಅಡಿಗಿಮನಿ ಛತ್ತು ಛಲೋ ಅದ. ಬರಿ."

"ಬಡಿದು ನೋಡಿದ್ರೇನು ಕಾಕಾ?"

"ನೋಡಾಕ ಕಣ್ಣಿಲ್ಲೇನು ನನಗ?"

ಮೂರು ತಿಂಗಳಲ್ಲಿ ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ನಾನು ಪೆನ್ನು ಮುಚ್ಚಿ ಚೀಲಕ್ಕೆ ಹಾಕಿದೆ. ಮಾರುವವರ ಕಡೆಯಿಂದ ದುಡ್ಡೇನಾದರೂ ಬಂದಿರಬಹುದೇ ಎಂಬ ಯೋಚನೆ ಬಂತು. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಆ ಯೋಚನೆ ಹೋಗಲಿಲ್ಲ. ತಾಂಡೂರಿನಲ್ಲಿ ತೊಗರಿ ಸರಿಸಿದ ಮನುಷ್ಯ ಇಲ್ಲಿ ಯಾಕೆ ಸುಮ್ಮನಾದರು? ಅವರೇ ಕಲಿಸಿದ ಪ್ರಶ್ನೆಗಳನ್ನು ನಾನು ಅವರ ಮೇಲೆಯೇ ತಿರುಗಿಸುತ್ತ ಕುಳಿತೆ. ಪಕ್ಕದಲ್ಲಿ ಅವರು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ನಿದ್ದೆ ಮಾಡುತ್ತಿಲ್ಲ ಎಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗದೆ ನಾರಾಯಣಖೇಡದ ಬಸ್ಸು ಹತ್ತಿದೆ.

ಮುದುಕಿ ಬಾಗಿಲಲ್ಲೇ ತಡೆದಳು. "ನಿನ್ನೇನ ನೋಡಿ ಹೋಗೀರಲ್ಲ, ಮತ್ತ ಯಾಕ ಬಂದಿ?"

"ಒಂದ್ ಅಳತಿ ಬಿಟ್ಟಿತ್ತಮ್ಮ" ಎಂದೆ. ಮಂದಿ ಸುಳ್ಳು ಹೇಳುತ್ತಾರೆ ಎಂದು ಕಲಿತಿದ್ದ ನಾನೇ ಹೇಳಿದ ಸುಳ್ಳು ಅದು.

ಅವಳು ನನ್ನ ಚೀಲ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ದಾರಿ ಬಿಟ್ಟಳು. ಅಡುಗೆಮನೆಯಲ್ಲಿ ಸ್ಟೂಲ್ ಹಾಕಿ ಹತ್ತಿದೆ. ಹೊರಗಣ್ಣಿಗೆ ಛತ್ತು ಚೆನ್ನಾಗಿಯೇ ಇತ್ತು. ಒಲೆಯ ಹೊಗೆಗೆ ತುಸು ಕಪ್ಪಾಗಿತ್ತು, ಅಷ್ಟೆ. ಮೊದಲ ಪೆಟ್ಟಿಗೆ ಖಾಲಿ ಡಬ್ಬಿಯ ದನಿ. ಒಂದು ಮೊಳ ಆಚೆ ಬಡಿದೆ, ಅದೇ ದನಿ. ಮೂರನೆಯ ಪೆಟ್ಟಿಗೆ ಊಟದ ತಟ್ಟೆಯಷ್ಟು ಅಗಲದ ತುಂಡು ಕಳಚಿ ನನ್ನ ಭುಜ ಸವರಿಕೊಂಡು ಕೆಳಗೆ ಬಿತ್ತು. ಕಟ್ಟೆಯ ಮೇಲಿದ್ದ ಹಿಟ್ಟಿನ ಡಬ್ಬಿ ಉರುಳಿತು. ಮೇಲೆ ನೋಡಿದರೆ ಕಬ್ಬಿಣದ ಸಲಾಕೆಗಳು ತುಕ್ಕು ಹಿಡಿದು ಪದರು ಪದರಾಗಿ ಉಬ್ಬಿದ್ದವು.

ಮುದುಕಿ ಓಡಿ ಬಂದಳು. ಬಯ್ಯುತ್ತಾಳೆ ಅಂದುಕೊಂಡೆ. ಅವಳು ಬಿದ್ದ ತುಂಡನ್ನೂ ಮೇಲಿನ ಹೊಂಡವನ್ನೂ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ನನ್ ಸೊಸಿ ದಿನಾ ಇಲ್ಲೇ ನಿಂತು ರೊಟ್ಟಿ ಬಡಿತಾಳ" ಎಂದಳು. ಉರುಳಿದ ಡಬ್ಬಿ ಎತ್ತಿಡುತ್ತ, "ನಿಮ್ಮ ಕಾಕಾಗ ಕೇಳವ್ವ. ಈ ಮನಿ ಕಟ್ಟಿದಾಂವ ಅಂವನ" ಎಂದಳು.

ವಾಪಸು ಬರುವಾಗ ನನಗೆ ಸಿಟ್ಟು ಎಷ್ಟಿತ್ತೆಂದರೆ ಭುಜದ ಗಾಯ ಉರಿಯುವುದೂ ಗೊತ್ತಾಗಲಿಲ್ಲ. ಕಾಕಾ ಆಫೀಸಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ನನ್ನ ಕುರ್ತಾದ ಮೇಲಿನ ಸಿಮೆಂಟಿನ ಧೂಳು ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ಯಾರಿಗಾದ್ರೂ ಪೆಟ್ಟ ಆತೇನು?" ಎಂದು ಮೊದಲು ಕೇಳಿದರು.

"ನನ್ ಭುಜಕ್ಕ ತಾಗೇದ. ನಿಮಗ ಗೊತ್ತಿತ್ತಲ್ಲ ಕಾಕಾ?"

ಅವರು ಬೆಂಚಿನಲ್ಲಿ ಸರಿದು ನನಗೆ ಜಾಗ ಮಾಡಿದರು. ಆಮೇಲೆ ಹೇಳಿದರು. ಆ ಮನೆಯ ಸ್ಲ್ಯಾಬ್ ಹಾಕಿದ ದಿನ ಅಡುಗೆಮನೆಯದು ಕೊನೆಗೆ ಉಳಿದಿತ್ತು. ಮೋಡ ಕಟ್ಟಿತ್ತು. ಸಲಾಕೆಗಳು ಕೆಳಗಿನ ಹಲಗೆಗೆ ತಾಗಬಾರದೆಂದು ಅವುಗಳ ಅಡಿ ಸಣ್ಣ ಸಿಮೆಂಟಿನ ಬಿಲ್ಲೆ ಇಡುತ್ತಾರೆ. ಇಡದಿದ್ದರೆ ಸಲಾಕೆಗೆ ಹಸಿ ತಾಗಿ ತುಕ್ಕು ಹಿಡಿಯುತ್ತದೆ. ಬಿಲ್ಲೆಗಳು ಮುಗಿದಿದ್ದವು.

"ಮಳಿ ಬರೋದರಾಗ ಮುಗಿಸಬೇಕಿತ್ತು. ಹಂಗೇ ಸಿಮೆಂಟಿನ ಮಾಲ್ ಸುರಿದ್ವಿ. ಒಂದ್ ಸಣ್ಣ ಕೋಣಿ ಅಲ್ಲ, ಏನಾಗ್ತದ ಅಂದ್ಕೊಂಡೆ. ಆಮ್ಯಾಲ ಆ ಊರಿಗಿ ಹೋದಾಗೆಲ್ಲ ನೆವ ಮಾಡಿ ಅವರ ಮನಿ ಮುಂದ ಹಾಯ್ದು ಬರ್ತಿದ್ದೆ. ಒಳಗ ಹೋಗಾಕ ಧೈರ್ಯ ಆಗಲಿಲ್ಲ."

"ನಿನ್ನೆ ಒಳಗೇ ಇದ್ರಲ್ಲ."

"ಸುತ್ತಿಗಿ ಎತ್ತಿದ್ದೆ ತಂಗಿ. ಕೈ ಬರಲಿಲ್ಲ."

ನನ್ನ ಸಿಟ್ಟು ಇಳಿಯಲಿಲ್ಲ. ಅವರು ಅಷ್ಟು ಸಣ್ಣಗಾಗಿ ಕುಳಿತದ್ದನ್ನು ನೋಡಲು ಆಗದೆ ಒಳಗೆ ಹೋಗಿ ವರದಿ ಬರೆದೆ. ಅಡುಗೆಮನೆಯ ಛತ್ತು ಅಪಾಯದಲ್ಲಿದೆ, ದುರಸ್ತಿಯಾಗುವ ತನಕ ಅದರಡಿ ಯಾರೂ ನಿಲ್ಲಬಾರದು ಎಂದು ಬರೆದೆ. ಕಾರಣದ ಜಾಗದಲ್ಲಿ ಪೆನ್ನು ನಿಂತಿತು. ಕಾಕಾ ಬಾಗಿಲಲ್ಲಿ ಬಂದು ನಿಂತಿದ್ದರು. "ಕಟ್ಟಿದಾಂವನ ತಪ್ಪು ಅಂತ ಬರಿ. ಸುಳ್ಳ ಬರಿಬ್ಯಾಡ" ಎಂದರು. ಬರೆದೆ. ಅದರ ಕೆಳಗೆ ಅವರೇ ಸಹಿ ಮಾಡಿದರು.

ಮರುದಿನ ಅವರು ಒಬ್ಬರೇ ನಾರಾಯಣಖೇಡಕ್ಕೆ ಹೋಗಿ ಮುದುಕಿಗೂ ಅವಳ ಮಗನಿಗೂ ನರ್ಸಮ್ಮನಿಗೂ ಎಲ್ಲ ಹೇಳಿದರು. ಮಗ ಕೂಗಾಡಿದನಂತೆ. ಮುದುಕಿ ಚಹಾ ಕೂಡ ಕೊಡಲಿಲ್ಲವಂತೆ. ಆಮೇಲೆ ಕಾಕಾ ಹಳೆಯ ಜೊತೆಗಾರರಿಬ್ಬರನ್ನು ಕರೆದುಕೊಂಡು ಆ ಕೋಣೆಯ ಛತ್ತನ್ನು ಪೂರ್ತಿ ಒಡೆದು ಹೊಸದಾಗಿ ಹಾಕಿಕೊಟ್ಟರು. ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ದಿನವಿಡೀ ಏಣಿ ಹತ್ತಿ ಇಳಿದರು. ನಾನು ಹೋಗಿ ಸಲಾಕೆಗಳ ಅಡಿ ಬಿಲ್ಲೆ ಇಟ್ಟಿದ್ದಾರೋ ಇಲ್ಲವೋ ಎಂದು ಬಗ್ಗಿ ಒಂದೊಂದನ್ನೂ ಮುಟ್ಟಿ ನೋಡಿದೆ. ಅವರ ಎದುರಿಗೇ ನೋಡಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಇಪ್ಪತ್ತೊಂದು ದಿನ ನೀರುಣಿಸಿ, ಹಲಗೆ ತೆಗೆದು, ಮೇಲೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ನರ್ಸಮ್ಮ ಮನೆ ಕೊಂಡರು.

ಅದಾದ ಮೇಲೆ ನನಗೆ ಕಾಕಾನ ಮೇಲೆ ಮೊದಲಿನ ಹಾಗೆ ಪೂರ್ತಿ ನಂಬಿಕೆ ಬರಲಿಲ್ಲ. ಅದು ಅವರಿಗೂ ಗೊತ್ತು. ಆದರೂ ಜೊತೆಯಲ್ಲೇ ಹೋಗುತ್ತೇವೆ. ಈಚೆಗೆ ಯಾಲಾಲದ ಹತ್ತಿರ ಒಂದು ಮನೆಗೆ ಹೋದಾಗ ಕಾಕಾ ಗೇಟಿನಲ್ಲೇ ನಿಂತರು. "ಇದೂ ನಾ ಕಟ್ಟಿದ್ದು ತಂಗಿ. ನಾ ಒಳಗ ಬರಂಗಿಲ್ಲ. ನೀ ನೋಡ್ಕೊಂಡು ಬಾ" ಎಂದು ಬೇವಿನ ಮರದ ನೆರಳಿಗೆ ಹೋಗಿ ಕುಳಿತರು.

ನಾನು ಎಲ್ಲ ಕೋಣೆಗಳನ್ನೂ ಬಡಿದೆ, ಮೇಲೆ ಹತ್ತಿ ನೀರು ಹರಿಯುವ ಇಳಿಜಾರು ನೋಡಿದೆ, ಅಂಚುಗಳನ್ನು ನೋಡಿದೆ. ಛತ್ತು ಗಟ್ಟಿ ಇತ್ತು. ಮೇಲಿನಿಂದಲೇ ಬಗ್ಗಿ ಹೇಳಿದೆ. ಕಾಕಾ ತಲೆ ಅಲ್ಲಾಡಿಸಿದರು. ಇಳಿಯುವ ಮುಂಚೆ ಅಡುಗೆಮನೆಯ ಮೇಲಿನ ಭಾಗವನ್ನು ಇನ್ನೊಮ್ಮೆ ಬಡಿದು ನೋಡಿದೆ.