ಸಿದ್ದಣ್ಣ ಕೌನ್ಸಿಲ್‌ಗೆ ನಿಂತದ್ದು

ಸಿಡ್ನಿಯ ಕನ್ನಡಿಗರಷ್ಟು ಚೆನ್ನಾಗಿ ಚಪ್ಪಾಳೆ ತಟ್ಟುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ದೀಪ ಹಚ್ಚಿದರೆ ಚಪ್ಪಾಳೆ, ಮಗುವೊಂದು ವೇದಿಕೆಯ ಮೇಲೆ ಅ ಆ ಇ ಈ ಅಂದರೆ ಚಪ್ಪಾಳೆ, ಊಟಕ್ಕೆ ಹೋಳಿಗೆ ಇದೆ ಅಂದರೆ ಎದ್ದು ನಿಂತು ಚಪ್ಪಾಳೆ. ಆ ಚಪ್ಪಾಳೆಯನ್ನು ನಂಬಿ ಕೆಟ್ಟ ಒಬ್ಬನ ಕತೆ ಇದು. ತಟ್ಟಿದವರಲ್ಲಿ ನಾನೂ ಒಬ್ಬ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೈಯುವವರು ಈಗಿನಿಂದಲೇ ಬೈಯಬಹುದು.

ಸಿದ್ದಣ್ಣ ಧಾರವಾಡದ ಕಡೆಯವನು, ಐವತ್ತೆರಡು ವರ್ಷ. ಕನ್ನಡಿಗರು ಹೆಚ್ಚಾಗಿರುವ ದಿ ಪಾಂಡ್ಸ್ ಬಡಾವಣೆಯಿಂದ ಕಾರಿನಲ್ಲಿ ಕಾಲು ಗಂಟೆ ದೂರದ, ಬೇರೆ ಕೌನ್ಸಿಲ್‌ಗೆ, ಅಂದರೆ ಬೇರೆ ನಗರಸಭೆಗೆ ಸೇರಿದ ಉಪನಗರವೊಂದರಲ್ಲಿ ಅವನ ಮನೆ. ಹಿಂದಿನ ಬೀದಿಯಲ್ಲಿ ನನ್ನದು. ನಾರ್ತ್ ಸಿಡ್ನಿಯ ಕಂಪನಿಯೊಂದರಲ್ಲಿ, ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಅದರಲ್ಲಿ ಗಟ್ಟಿಗನಂತೆ. ಮನುಷ್ಯರಲ್ಲಿ ಮಾತ್ರ ಅವನಿಗೆ ಒಂದು ತಪ್ಪೂ ಕಾಣುತ್ತಿರಲಿಲ್ಲ. ಬೆಳಗಿನ ರೈಲಿನಲ್ಲಿ ಜೊತೆಗೇ ಹೋಗುತ್ತಿದ್ದೆವು. ನಾನು ಪ್ಯಾರಮಟ್ಟಾದಲ್ಲಿ ಇಳಿಯುವವರೆಗೆ ಅವನು ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ. ಅಂಥವನ ಜೊತೆ ಪ್ರಯಾಣ ಎಷ್ಟು ಬೇಸರವೆಂದು ಮಾಡಿದವರಿಗೇ ಗೊತ್ತು.

ಅವನ ಅಪ್ಪ ಇಲ್ಲಿಯೇ ತೀರಿಕೊಂಡರು. ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿಯ ನಡುವೆ ಮಣ್ಣು ಕೊಡುತ್ತೇವೆ. ನಮ್ಮ ಕೌನ್ಸಿಲ್ ನಡೆಸುವ ಸ್ಮಶಾನದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಪೆಟ್ಟಿಗೆಯಲ್ಲೇ ಇಡಬೇಕು, ಪೆಟ್ಟಿಗೆ ಅಡ್ಡಲಾಗಿಯೇ ಇಳಿಯಬೇಕು. ಕಚೇರಿಯ ಹೆಂಗಸು ಸಿದ್ದಣ್ಣನ ಮಾತನ್ನೆಲ್ಲ ಮರ್ಯಾದೆಯಿಂದ ಕೇಳಿಸಿಕೊಂಡು, ನಿಯಮ ಬದಲಿಸುವುದು ತನ್ನ ಕೈಯಲ್ಲಿಲ್ಲ, ಕೌನ್ಸಿಲರುಗಳ ಕೈಯಲ್ಲಿದೆ ಎಂದಳಂತೆ. ಕೊನೆಗೆ ಹಿರಿಯರನ್ನು ಮಲಗಿಸಿಯೇ ಮಣ್ಣು ಮಾಡಿದರು.

ಅವತ್ತು ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸುತ್ತ ನಿಂತ ನಾಲ್ಕು ಜನರಿಗೆ ಧರ್ಮ ಹೇಳುವ ಚಟ ನನಗೆ. "ಮಲಗಿಸಿ ಮಣ್ಣ ಕೊಟ್ರ ಲಿಂಗೈಕ್ಯ ಹೆಂಗ ಆಗತೈತಿ? ಹಿರ್‍ಯಾಗ ಮುಕ್ತಿ ಇಲ್ಲ ಬಿಡ್ರಿ" ಎಂದೆ. ಹಿಂದೆ ತಿರುಗಿದರೆ ಮಡಚುವ ಕುರ್ಚಿಯಲ್ಲಿ ಸಿದ್ದಣ್ಣನ ಅವ್ವ ಚನ್ನಬಸವ್ವ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ, ಕಿವಿ ಮಾತ್ರ ಚುರುಕು.

ಮರುದಿನ ಆಕೆ ಮಗನಿಗೆ ಒಂದೇ ಮಾತು ಹೇಳಿದಳು. "ನನ್ನ ಮಲಗಿಸಬ್ಯಾಡೋ ಸಿದ್ದಾ." ಧಾರವಾಡಕ್ಕೆ ಕಳಿಸುತ್ತೇನೆ, ಅಲ್ಲಿ ನಮ್ಮವರ ಜಾಗದಲ್ಲಿ ಎಲ್ಲ ಸರಿಯಾಗಿ ಮಾಡೋಣ ಎಂದ ಮಗನಿಗೆ, "ಇಮಾನದಾಗ ಸಾಮಾನಿನ ಜೋಡಿ ನಾ ಹೋಗಂಗಿಲ್ಲ. ನಿಮ್ಮಪ್ಪನ ಬಾಜೂಕ ಇರತೀನಿ. ಆದ್ರ ಕೂತ ಇರತೀನಿ" ಎಂದಳು. ಅವತ್ತೇ ಸಿದ್ದಣ್ಣನ ತಲೆಗೆ ಕೌನ್ಸಿಲ್ ಹೊಕ್ಕಿತು. ನಿಯಮ ಬದಲಿಸುವವರು ಕೌನ್ಸಿಲರುಗಳಾದರೆ, ತಾನೇ ಕೌನ್ಸಿಲರ್ ಆಗುವುದು. ಸ್ಮಶಾನದ ಒಂದು ಮೂಲೆ ಕೇಳುವುದು. ಜೀವಮಾನದಲ್ಲಿ ಅಪಾರ್ಟ್‌ಮೆಂಟಿನ ಕಮಿಟಿಗೂ ನಿಲ್ಲದ ಮನುಷ್ಯ!

ಇದಕ್ಕೆ ಗಾಳಿ ಹಾಕಿದವನು ಮೆಲ್ಬರ್ನಿನಲ್ಲಿದ್ದ ಅವನ ಚಿಕ್ಕಪ್ಪನ ಮಗ ಬಸವಣ್ಣೆಪ್ಪ. ವೀಡಿಯೋ ಕಾಲಿನಲ್ಲಿ ಮುಖಕ್ಕಿಂತ ಮೂಗನ್ನೇ ಹೆಚ್ಚು ತೋರಿಸುವ ಗೃಹಸ್ಥ. "ನಮ್ಮ ಮಂದಿ ಸಿಟಿಜನ್ ಆಗಿಲ್ಲಂತ ಯಾಕ ಚಿಂತಿ ಮಾಡ್ತಿ? ನಾ ಬರೇ ಪಿಆರ್ ಮ್ಯಾಲ, ಕಾಯಂ ವೀಸಾದ ಮ್ಯಾಲ ಅದೀನಿ. ಮನಿ ನನ್ನ ಹೆಸರಿಲೆ ಐತಿ, ರೇಟ್ಸ್ ಅಂತ ಮನಿ ತೆರಿಗಿ ತುಂಬತೀನಿ, ಅರ್ಜಿ ಕೊಟ್ಟೆ, ಕೌನ್ಸಿಲ್ ಇಲೆಕ್ಷನ್ನಿಗೆ ವೋಟ್ ಹಾಕಿದೆ. ಅಷ್ಟ ಐತಿ" ಎಂದ. ಅವನು ಸುಳ್ಳು ಹೇಳಲಿಲ್ಲ. ಮೆಲ್ಬರ್ನ್ ಇರುವ ರಾಜ್ಯದಲ್ಲಿ ಹಾಗೇ ಇದೆ. ಸಿಡ್ನಿ ಇರುವ ರಾಜ್ಯದಲ್ಲಿ ಹಾಗಿಲ್ಲ. ಇಲ್ಲಿ ಮನೆ ಇರಲಿ, ಅರಮನೆ ಇರಲಿ, ಸಿಟಿಜನ್ ಆಗದವನಿಗೆ ವೋಟಿಲ್ಲ. ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಸಿದ್ದಣ್ಣ, ಅಣ್ಣತಮ್ಮನ ಮಾತೆಂದು ಇದೊಂದನ್ನು ಪರೀಕ್ಷೆ ಮಾಡದೆ ಬಿಟ್ಟ.

ಸಿದ್ದಣ್ಣ ಹಿಂದೆಯೇ ಸಿಟಿಜನ್ ಆಗಿದ್ದ; ಚನ್ನಬಸವ್ವ ಆಗಿರಲಿಲ್ಲ, ಆಕೆಯ ಹೆಸರಿನಲ್ಲಿ ಮನೆಯೂ ಇರಲಿಲ್ಲ. ಹಾಗಾಗಿ ಮಗನಿಗೆ ವೋಟು ಹಾಕಲು ಆಕೆ ಸಿಟಿಜನ್ ಆಗಲೇಬೇಕಾಯಿತು, ಆದಳು. ಇಂಗ್ಲಿಷಿನ ಪ್ರತಿಜ್ಞೆಯನ್ನು ಮೂರು ತಿಂಗಳು ಕನ್ನಡ ಅಕ್ಷರದಲ್ಲಿ ಬರೆಸಿಕೊಂಡು ಬಾಯಿಪಾಠ ಮಾಡಿದಳು. ಇಳಕಲ್ ಸೀರೆ ಉಟ್ಟು, ಮೇಯರ್ ಮುಂದೆ ನಿಂತು, ಒಂದು ಪದವೂ ತಪ್ಪದೆ ಹೇಳಿದಳು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿಬಿಟ್ಟಳು. ಅವತ್ತು ನಾನು ಅಲ್ಲಿದ್ದೆ. ಫೋಟೋ ತೆಗೆದೆ.

ಈಗ ನನ್ನ ವಿಷಯ. ಈ ದೇಶಕ್ಕೆ ಬಂದು ಹದಿನೆಂಟು ವರ್ಷವಾದರೂ ನನ್ನದು ಭಾರತದ ಪಾಸ್‌ಪೋರ್ಟೇ. ಕಾರಣ ಕೇಳಿದವರಿಗೆ ಮಾತೃಭೂಮಿ ಎನ್ನುತ್ತೇನೆ. ನಿಜವಾದ ಕಾರಣ ಸವದತ್ತಿಯ ಹತ್ತಿರದ ಆರೆಕರೆ ಹೊಲ. ಪರದೇಶದ ಪ್ರಜೆಯಾದರೆ ಅದು ಕೈತಪ್ಪೀತೆಂಬ ಹೆದರಿಕೆ. ಇನ್ನೊಂದು ಸಣ್ಣ ಕಾರಣವೂ ಇದೆ: ಇಲ್ಲಿ ಸಿಟಿಜನ್ ಆದವನು ವೋಟು ಹಾಕದಿದ್ದರೆ ದಂಡ. ಆ ಕಾಟ ಬೇಡವೆಂದು ನಿಯಮವನ್ನೆಲ್ಲ ನಾನು ಹಿಂದೆಯೇ ಓದಿಕೊಂಡಿದ್ದೆ. ಅಂದರೆ ಬಸವಣ್ಣೆಪ್ಪನ ಮಾತು ಸಿಡ್ನಿಯಲ್ಲಿ ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಹೇಳಲಿಲ್ಲ.

ಯುಗಾದಿ ಕಾರ್ಯಕ್ರಮದಲ್ಲಿ ಸಿದ್ದಣ್ಣನನ್ನು ವೇದಿಕೆಗೆ ಕರೆದರು. ಕನ್ನಡ ಬಳಗದ ಅಧ್ಯಕ್ಷ ಯೋಗೀಶ ಬೆಂಗಳೂರಿನವನು, ಮೈಕು ಸಿಕ್ಕರೆ ಹೆಂಡತಿಗೂ ಕೊಡುವವನಲ್ಲ. "ಸಿದ್ದಣ್ಣ ಅವ್ರೇ, ನೀವು ಜಸ್ಟ್ ನಿಂತ್ಕೊಳ್ಳಿ, ಉಳಿದಿದ್ದು ನಮ್ಗೆ ಬಿಡಿ. ಫುಲ್ ಕಮ್ಯುನಿಟಿ ನಿಮ್ ಹಿಂದೆ ಇದೆ. ಕೌನ್ಸಿಲ್ ಒಳಗೆ ನಮ್ಮವರು ಒಬ್ರು ಇರ್ಲೇಬೇಕು ಕಣ್ರೀ!" ಎಂದು ಕೂಗಿದ. ಹಾಲ್ ಹಾರಿಹೋಗುವಂಥ ಚಪ್ಪಾಳೆ. ಯೋಗೀಶನದೂ ಭಾರತದ ಪಾಸ್‌ಪೋರ್ಟು. ಮುಂದಿನ ಎರಡು ಸಾಲಿನಲ್ಲಿ ಕೂತು ಕೈ ಕೆಂಪಾಗುವಂತೆ ತಟ್ಟಿದವರಲ್ಲಿ ವೋಟಿರುವವರು ಮೂರೋ ನಾಲ್ಕೋ ಜನ, ಅವರಲ್ಲೂ ಇಬ್ಬರು ಬೇರೆ ಕೌನ್ಸಿಲಿನವರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ. ತಳ್ಳಿದ ಕೈಗಳಲ್ಲಿ ನನ್ನವೂ ಎರಡು.

ಒಂದು ಭಾನುವಾರ ಸಿದ್ದಣ್ಣ ನಾಮಪತ್ರ ಹಿಡಿದು ನನ್ನ ಮನೆಗೇ ಬಂದ. ಸೂಚಕರಾಗಿ ಇಬ್ಬರು ಮತದಾರರ ಸಹಿ ಬೇಕಿತ್ತು. "ಒಂದು ಸಹಿ ನಿಂದ ಆಗ್ಬೇಕಪಾ ವಿರುಪಾಕ್ಷಿ. ಅಪ್ಪನ ಮಣ್ಣಿಗೆ ನೀ ಮುಂದ ನಿಂತಿದ್ದಿ" ಎಂದ. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಆಫೀಸಿನವರು ರಾಜಕೀಯದ ಕಾಗದಕ್ಕೆ ಸಹಿ ಹಾಕಬಾರದೆಂಬ ನಿಯಮವಿದೆ ಎಂದೆ. ಅಂಥ ನಿಯಮವೇನೂ ಇಲ್ಲ. ಸಿದ್ದಣ್ಣ ನಂಬಿದ. "ಹಂಗಾರ ಬ್ಯಾಡ. ನಿನ್ನ ಕೆಲಸಕ್ಕ ತೊಂದ್ರಿ ಆಗಬಾರ್ದು" ಎಂದು ನನಗೇ ಸಮಾಧಾನ ಹೇಳಿ ಹೋದ.

ಕೊನೆಗೆ ಸಹಿ ಹಾಕಿದವರು ಅವನ ಪಕ್ಕದ ಮನೆಯ ಇಟಾಲಿಯನ್ ಮುದುಕ ಮತ್ತು ಮೂಲೆಯ ಔಷಧಿ ಅಂಗಡಿಯ ಲೆಬನಾನಿನ ಹೆಂಗಸು. ಕೂರಿಸಿ ಮಣ್ಣು ಮಾಡುವ ವಿಷಯ ಕೇಳಿ ಆ ಮುದುಕ ನಗಲಿಲ್ಲವಂತೆ. ತಾಯಿಯನ್ನು ಹೇಗೆ ಹೂಳಬೇಕೆಂದು ಮಗನಿಗಲ್ಲದೆ ಇನ್ಯಾರಿಗೆ ಗೊತ್ತು ಎಂದು ಕೇಳಿ ಪೆನ್ನು ಇಸಿದುಕೊಂಡನಂತೆ. ನಮ್ಮ ಬಳಗದಲ್ಲಿ ನಾನೂರು ಜನ. ಒಬ್ಬನಿಗೂ ಪೆನ್ನು ಸಿಗಲಿಲ್ಲ.

ಸೆಪ್ಟೆಂಬರಿನ ಆ ಶನಿವಾರ ಮತದಾನ. ಪ್ರೈಮರಿ ಶಾಲೆಯ ಗೇಟಿನಲ್ಲಿ ಸಿದ್ದಣ್ಣನ ಮುಖವಿದ್ದ ಟೀ ಶರ್ಟ್ ತೊಟ್ಟು, ಬಂದವರಿಗೆಲ್ಲ ಅವನ ಚೀಟಿ ಹಂಚುತ್ತ ನಿಂತವನು ನಾನು. ಒಳಗೆ ಹೋಗಿ ವೋಟು ಹಾಕಲಾರದವನು ಹೊರಗೆ ನಿಂತು ಊರಿಗೆಲ್ಲ ವೋಟು ಕೇಳುತ್ತಿದ್ದೆ. ಯೋಗೀಶನೂ ಬಂದ, ಸಿದ್ದಣ್ಣನ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡ, ಮಗಳಿಗೆ ಈಜಿನ ಕ್ಲಾಸಿದೆ ಎಂದು ಹತ್ತು ನಿಮಿಷದಲ್ಲಿ ಮಾಯವಾದ. ನಮ್ಮ ಬಳಗದವರು ಆ ದಿನ ಫೋನಿನ ಗುಂಪಿನಲ್ಲಿ ಕಳಿಸಿದ ಹೆಬ್ಬೆರಳಿನ ಚಿತ್ರಗಳನ್ನೆಲ್ಲ ಮತದ ಡಬ್ಬಕ್ಕೆ ಹಾಕಲು ಬರುವಂತಿದ್ದರೆ ಸಿದ್ದಣ್ಣ ಮೇಯರೇ ಆಗುತ್ತಿದ್ದ.

ಹನ್ನೊಂದರ ಹೊತ್ತಿಗೆ ಚನ್ನಬಸವ್ವ ಕೋಲು ಊರಿಕೊಂಡು ಬಂದಳು. ಮತಪತ್ರದ ಕಟ್ಟಕಡೆಯ ಅಂಚಿನಲ್ಲಿದ್ದ ಮಗನ ಹೆಸರನ್ನು ಹುಡುಕಿ ವೋಟು ಹಾಕಿ ಹೊರಬಂದು ನನ್ನ ಮುಂದೆ ಬೆರಳು ಚಾಚಿದಳು. "ಶಾಯಿ ಹಚ್ಚಲೇ ಇಲ್ಲಲ್ಲೋ ತಮ್ಮಾ! ನಾ ಹಾಕೀನಂತ ಹೆಂಗ ಗೊತ್ತಾಗಬೇಕು?" ಇಲ್ಲಿ ಹಚ್ಚುವುದಿಲ್ಲ ಎಂದೆ. ಆಕೆಗೆ ಅದು ಸರಿಬರಲಿಲ್ಲ. ನನಗೆ ಬಹಳ ಅನುಕೂಲವಾಯಿತು.

ಎರಡು ವಾರದ ಮೇಲೆ ಅಂತಿಮ ಫಲಿತಾಂಶ ಬಂತು. ಸಾವಿರಾರು ವೋಟು ಬಿದ್ದ ವಾರ್ಡಿನಲ್ಲಿ ಸಿದ್ದಣ್ಣನಿಗೆ ನೂರಾ ಎಂಬತ್ತೇಳು. ಅದರಲ್ಲಿ ಅರ್ಧ ಆ ಇಟಾಲಿಯನ್ ಮುದುಕನ ಕ್ಲಬ್ಬಿನ ಗೆಳೆಯರದೆಂದು ನನ್ನ ಅಂದಾಜು. 'ಸೋಲು ಗೆಲುವು ಮುಖ್ಯ ಅಲ್ಲ, ಪ್ರಯತ್ನ ಮುಖ್ಯ' ಎಂದು ಯೋಗೀಶ ಗುಂಪಿನಲ್ಲಿ ಬರೆದ. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಮರುದಿನದಿಂದ ಎಲ್ಲರೂ ದಸರಾ ಊಟದ ಕೇಟರಿಂಗ್ ಬಗ್ಗೆ ಜಗಳವಾಡತೊಡಗಿದರು.

ಸಾಂತ್ವನ ಹೇಳಲು ನಾನು ಸಿದ್ದಣ್ಣನ ಮನೆಗೆ ಹೋದೆ. ನಿಜ ಹೇಳಬೇಕೆಂದರೆ, ಪಾಪದವನ ಪೆಚ್ಚು ಮುಖ ನೋಡುವ ಆಸೆಯೂ ಸ್ವಲ್ಪ ಇತ್ತು. ಅವನು ಹಿತ್ತಲಿನಲ್ಲಿ ತನ್ನ ಮುಖವಿದ್ದ ಪ್ಲಾಸ್ಟಿಕ್ ಬೋರ್ಡುಗಳನ್ನು ಕತ್ತರಿಸಿ ಟೊಮೆಟೊ ಗಿಡಗಳಿಗೆ ಆಸರೆ ಕೊಡುತ್ತಿದ್ದ.

"ನಮ್ಮ ಮಂದೀನ ನಂಬಬಾರ್ದಿತ್ತು ನೀನು" ಎಂದೆ, ದೊಡ್ಡ ಮನುಷ್ಯನಂತೆ.

"ನಂಬಿರಲಿಲ್ಲ" ಎಂದ. "ನಾಮಿನೇಷನ್ ಆದಮ್ಯಾಲ ಕ್ಯಾಂಡಿಡೇಟಿಗೆ ಮತದಾರರ ಪಟ್ಟಿ ಕೊಡತಾರ. ಕೂತು ಒಂದೊಂದ ಹೆಸರು ನೋಡಿದೆ. ನಮ್ಮಾವ್ರು ನಲವತ್ತು ಮಂದಿನೂ ಇರಲಿಲ್ಲ. ನಿನ್ನ ಹೆಸರು ಎರಡು ಸಲ ಹುಡುಕಿದೆ."

"ಗೊತ್ತಿದ್ದೂ ನನ್ನ ಯಾಕ ಕೇಳಲಿಲ್ಲ?" ಎಂದೆ.

"ನೀನ ಹೇಳತಿ ಅಂದ್ಕೊಂಡೆ."

"ಮತ್ತ ಸೋಲೂದಂತ ಗೊತ್ತಾದ ಮ್ಯಾಲೂ ಯಾಕ ಓಡಾಡಿದಿ?"

ಸಿದ್ದಣ್ಣ ಕತ್ತರಿಯನ್ನು ಕೆಳಗಿಟ್ಟ. "ಈ ವಯಸ್ಸಿನ್ಯಾಗ ಅವ್ವ ಪಾಸ್‌ಪೋರ್ಟ್ ಕೊಟ್ಟಬಿಟ್ಲು, ನನಗ ವೋಟ್ ಹಾಕಾಕಂತ. ಆಕಿಗೆ ಏನಂತ ಹೇಳಲಿ? ಅವ್ವಾ, ಚಪ್ಪಾಳಿ ತಟ್ಟಿದಾವ್ರ ಕಡೆ ವೋಟ್ ಇಲ್ಲ ಅಂತ ಹೇಳಲೇನು?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಜಗಳವಾಗಿ ಸಂಬಂಧ ಮುರಿದುಹೋಗುತ್ತಿತ್ತು, ನಾನು ಬದುಕಿಕೊಳ್ಳುತ್ತಿದ್ದೆ. ಇಷ್ಟು ದಿನ ಅವನನ್ನು ಪೆದ್ದ ಎಂದುಕೊಂಡಿದ್ದೆ. ಪೆದ್ದನಲ್ಲದ ಮನುಷ್ಯನೊಬ್ಬ ಎಲ್ಲ ಗೊತ್ತಿದ್ದೂ ನನಗೆ ಟೀ ಶರ್ಟ್ ತೊಡಿಸಿ ನೋಡಿಕೊಂಡು ಸುಮ್ಮನಿದ್ದ ಎಂಬುದನ್ನು ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ. ನಾಚಿಕೆಯಾಯಿತು. ಎದ್ದು ಹೊರಡಬೇಕೆನ್ನುವಷ್ಟರಲ್ಲಿ ಚನ್ನಬಸವ್ವ ಚುರಮರಿಯ ತಟ್ಟೆ ಹಿಡಿದು ಹಿತ್ತಲಿಗೆ ಬಂದಳು.

"ಬಂದೇನಪಾ ವಿರುಪಾಕ್ಷಿ? ನೂರಾ ಎಂಬತ್ತೇಳಂತ ನೋಡು. ಅದರಾಗ ಒಂದು ನಂದು, ಒಂದು ನಿಂದು" ಎಂದು ತಟ್ಟೆಯನ್ನು ನನ್ನ ಕೈಗಿಟ್ಟಳು. ಕುರ್ಚಿ ಎಳೆದುಕೊಂಡು ಕೂತು, ಮಂಡಿ ನೀವಿಕೊಂಡಳು. "ಮುಂದಿನ ಇಲೆಕ್ಷನ್ನಿಗೆ ನಾಕ ವರ್ಷ ಐತಂತ. ಅಲ್ಲೀಮಟ ನಾ ಇರಂಗಿಲ್ಲ. ಇರ್ಲಿ ಬಿಡ್ರಿ, ಮಲಗಿಸ್ರಿ. ಆದ್ರ ಒಂದು ಮಾತು ಹೇಳತೀನಿ, ಇಬ್ರೂ ಕೇಳ್ರಿ. ಬರೇ ಚಪ್ಪಾಳಿ ತಟ್ಟಿದಾವ್ರು ನನ್ನ ಪೆಟಗಿ ಮುಟ್ಟಬಾರ್ದು. ವೋಟ್ ಹಾಕಿದಾವ್ರ ಹೊರಬೇಕು. ಆ ಪಕ್ಕದ ಮನಿ ಮುದುಕಗೂ ಹೇಳಿ ಇಟ್ಟೀನಿ. ಮುಂದ ಬಲಕ್ಕ ನೀ ಹೆಗಲ ಕೊಡು, ಹೂಂ?"

ಸಿದ್ದಣ್ಣ ತಲೆ ಎತ್ತಿ ನನ್ನ ಮುಖ ನೋಡಿದ. ಕಾಯುತ್ತಿದ್ದ.

"ಆಗ್ಲಿ ಬೇ ಯವ್ವಾ" ಎಂದೆ.